ಕಲ್ಲುತೋಟದ ಅರ್ಧ ಮಾತು

ಹಾಲ್ಗ್ರಿಮನ ಯಂತ್ರ ಕೆಟ್ಟು ನಿಲ್ಲಲಿ ಎಂದು ಟೊರುನ್ ಬಯಸಿದ್ದು ಅದೇ ಮೊದಲ ಸಲವಲ್ಲ. ಆದರೆ ಇಷ್ಟು ಮನಸಾರೆ ಬಯಸಿದ್ದು ಅವತ್ತೇ.

ಸಂಜೆ ಪಾತ್ರೆ ತೊಳೆಯುತ್ತಿದ್ದಳು. ಕೈ ಬಿಸಿನೀರಿನಲ್ಲಿತ್ತು, ಕಣ್ಣು ಕಿಟಕಿಯಾಚೆ ಇತ್ತು. ನಾನು ಒಳ್ಳೆಯವಳಲ್ಲ ಎಂದು ತನ್ನೊಳಗೇ ಒಪ್ಪಿಕೊಂಡಳು. ಒಳ್ಳೆಯವರು ಎಪ್ಪತ್ತು ದಾಟಿದ ನೆರೆಯವನ ಹಿಮ ಊದುವ ಯಂತ್ರ ಹಾಳಾಗಲಿ ಎಂದು ಬೇಡಿಕೊಳ್ಳುವುದಿಲ್ಲ. ಅದೂ ಆ ಮುದುಕ ಅದನ್ನು ಓಡಿಸುವುದು ತನ್ನ ಸಲುವಾಗಿಯೇ ಎಂದು ಗೊತ್ತಿದ್ದೂ!

ರೇಡಿಯೋದವನು ಆಗಷ್ಟೇ ಹವಾಮಾನ ಹೇಳಿ ಮುಗಿಸಿದ್ದ. ರಾತ್ರಿಯೆಲ್ಲ ಹಿಮ ಬೀಳುತ್ತದಂತೆ. ಅದರ ಬೆನ್ನಿಗೇ ಮೋಡ ಸರಿದು, ಒಳನಾಡಿನಿಂದ ಮೂಡಣ ಗಾಳಿ ಎದ್ದು, ವಾರಪೂರ್ತಿ ಮೈನಸ್ ಹದಿನೆಂಟರ ಆಸುಪಾಸು ಇರುತ್ತದಂತೆ. ಬೀಳುವ ಹಿಮ ಬಿದ್ದಲ್ಲೇ ಉಳಿದರೆ ಟೊರುನಳ ಗಿಡಗಳು ಬದುಕುತ್ತವೆ. ಬೆಳಿಗ್ಗೆ ಹಾಲ್ಗ್ರಿಮ್ ಬಂದು ಅದನ್ನು ಊದಿ ಹಾಕಿದರೆ ಬರಿಮೈಯಲ್ಲಿ ಆ ಗಾಳಿಗೆ ಸಿಕ್ಕಿ ಒಣಗಿ ಸಾಯುತ್ತವೆ. ಇಷ್ಟೇ ಲೆಕ್ಕ. ಈ ಲೆಕ್ಕವನ್ನು ಬೇಲಿಯಾಚೆಗೆ ನಾಲ್ಕು ಮಾತಿನಲ್ಲಿ ಹೇಳಬಹುದಿತ್ತು. ಆ ನಾಲ್ಕು ಮಾತು ನವೆಂಬರಿನಿಂದ ಅವಳ ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ ಕೂತಿತ್ತು.

ಆ ಗಿಡಗಳು ಅವಳಿಗೆ ಬರೀ ಗಿಡಗಳಾಗಿರಲಿಲ್ಲ. ಟ್ರೋನ್‌ಹೈಮ್ ಪಟ್ಟಣದಲ್ಲಿ ಓದುವಾಗ, ಕಲ್ಲಿನ ಸಂದಿಗಳಲ್ಲಿ ಬೆಟ್ಟದ ಗಿಡ ಬೆಳೆಸುವ ಕಲ್ಲುತೋಟದ ಹುಚ್ಚಿರುವವರ ಸಂಘವೊಂದು ಅಂಚೆಯಲ್ಲಿ ಕಳಿಸಿದ ಬೀಜಗಳಿಂದ ಎಬ್ಬಿಸಿದವು. ಬೆಟ್ಟದ ನೆತ್ತಿಯ ಗಿಡಗಳ ಬೀಜ ಚಳಿಯಲ್ಲಿ ಚೆನ್ನಾಗಿ ಹೆಪ್ಪುಗಟ್ಟದೆ ಮೊಳೆಯುವುದಿಲ್ಲ. ಅದಕ್ಕೇ ಬಿತ್ತಿದ ಕುಂಡಗಳನ್ನು ಬಾಲ್ಕನಿಯ ಹಿಮದಲ್ಲಿ ಹೂತಿಡುತ್ತಿದ್ದಳು. "ಊರವರೆಲ್ಲ ಗಿಡಾನ ಚಳಿಯಿಂದ ಒಳಗೆ ತರ್ತಾರೆ, ನೀನು ಒಳಗಿಂದ ಚಳಿಗೆ ತಳ್ತೀಯಲ್ಲೇ, ಮಲತಾಯಿ!" ಎಂದು ಜೊತೆಯ ಹುಡುಗಿಯರು ಆಡಿಕೊಂಡು ನಗುತ್ತಿದ್ದರು. ಅವಳೂ ನಗುತ್ತಿದ್ದಳು, ಉತ್ತರ ಕೊಡುತ್ತಿರಲಿಲ್ಲ. ಬಾಡಿಗೆ ಕೋಣೆ ಬದಲಾದಾಗಲೆಲ್ಲ ಕುಂಡಗಳೂ ಅವಳ ಜೊತೆ ಬಸ್ಸು ಹತ್ತಿದವು. ಮೂರು ವರ್ಷಕ್ಕೆ ಒಂದೊಂದೂ ಬನ್ನಿನಷ್ಟು ದಪ್ಪಗೆ, ಪಾಚಿಯ ದಿಂಬಿನಂತೆ ಒತ್ತೊತ್ತಾಗಿ ಬೆಳೆದಿತ್ತು. ಹೂ ಮಾತ್ರ ಬಿಟ್ಟಿರಲಿಲ್ಲ. ನೆಲಕ್ಕಿಳಿಯದೆ ಅವು ಹೂ ಬಿಡುವುದಿಲ್ಲ ಎಂದು ಅವಳಿಗೆ ಹೇಗೋ ಅನ್ನಿಸಿಬಿಟ್ಟಿತ್ತು. ನೆಲಕ್ಕಿಳಿಸಬೇಕೆಂದರೆ ತಾನೂ ಒಂದು ಕಡೆ ನಿಲ್ಲಬೇಕಲ್ಲ.

ಈ ಮೀನುಗಾರರ ಊರಿನ ಗ್ರಂಥಾಲಯದಲ್ಲಿ ಕೆಲಸ ಸಿಕ್ಕಿತು. ಅದರ ಜೊತೆಗೆ ಕಡಲಿಗೆ ಮುಖ ಮಾಡಿದ ಒಂದು ಹಳದಿ ಮನೆ, ಮನೆಯ ಮುಂದೆ ಯಾರೂ ಏನೂ ಬೆಳೆಯದ ಒಂದು ಇಳಿಜಾರೂ ಸಿಕ್ಕಿತು. ಆಗಸ್ಟಿನಲ್ಲಿ ಒಬ್ಬಳೇ ಅಗೆಯತೊಡಗಿದಳು. ಎರಡನೆಯ ದಿನಕ್ಕೆ ಬೇಲಿಯಾಚೆಯಿಂದ ಒಂದು ಟೊಪ್ಪಿಗೆ ಕಾಣಿಸಿತು.

"ಹುಡುಗೀ, ಸಮಾಧಿ ತೋಡ್ತಿದೀಯಾ?"

"ಇಲ್ಲ."

"ಹಂಗಾದ್ರೆ ಯಾರೂ ಸತ್ತಿಲ್ಲ. ಒಳ್ಳೇದಾಯ್ತು. ಏನ್ ಮಾಡ್ತಿದೀಯ ಮತ್ತೆ?"

"ಕಲ್ಲುತೋಟ."

"ಕಲ್ಲು ನಾನು ಕೊಡ್ತೀನಿ," ಎಂದಿದ್ದ ಹಾಲ್ಗ್ರಿಮ್. ಆಯುಷ್ಯವೆಲ್ಲ ದೋಣಿ ನಡೆಸಿದವನು, ಈಗ ಕೆಲಸವಿಲ್ಲದೆ ಕೈ ತುರಿಸುತ್ತ ಕೂತಿದ್ದ. ಅವನ ಬಿದ್ದುಹೋದ ದೋಣಿಮನೆಯ ಅಡಿಪಾಯದ ಕಲ್ಲುಗಳು ಒಂದೊಂದಾಗಿ ಬೇಲಿ ದಾಟಿ ಬಂದವು. ಮುದುಕ ಹಾರೆ ಹಾಕಿ ಮೀಟುತ್ತಿದ್ದ, ಅವಳು ಸಂದಿಗೆ ಜಲ್ಲಿ ಒದಗಿಸುತ್ತಿದ್ದಳು. ಜೌಗು ಮಣ್ಣನ್ನೆಲ್ಲ ತೆಗೆದು ಹಾಕಿ, ಮೊಣಕಾಲುದ್ದ ಗುಂಡಿಗೆ ಹೊಳೆಯ ಗರಸು ತುಂಬಿದರು. ಕಲ್ಲುಗಳ ಮೂರರಲ್ಲೊಂದು ಪಾಲು ನೆಲದೊಳಗೆ ಹೋಗಬೇಕು. ಎಲ್ಲವೂ ಒಂದೇ ಕಡೆ ತಲೆಯಿಟ್ಟು ಮಲಗಿದ ದನಗಳ ಹಾಗಿರಬೇಕು. ಆಗಲೇ ಅದು ಭೂಮಿಯೇ ಎದ್ದುಬಂದಂತೆ ಕಾಣುವುದು. ಇದೆಲ್ಲ ಟೊರುನಳಿಗೆ ಗೊತ್ತಿತ್ತು. ಆದರೆ ಎಲ್ಲಕ್ಕಿಂತ ದೊಡ್ಡ ಕಲ್ಲನ್ನು ಹಾಲ್ಗ್ರಿಮ್ ನಟ್ಟನಡುವೆ ನೆಟ್ಟಗೆ ನಿಲ್ಲಿಸಿ, ಬೆವರು ಒರೆಸಿಕೊಂಡು, "ನೋಡು ಹೆಂಗೆ ನಿಂತಿದಾನೆ, ಉಪದೇಶ ಮಾಡೋಕೆ ಬಂದ ಪಾದ್ರಿ!" ಎಂದು ಹಿಗ್ಗಿದಾಗ ಅವಳ ಬಾಯಿಂದ ಬಂದದ್ದು, "ಚೆನ್ನಾಗಿದೆ" ಎಂಬ ಮಾತೇ. ಪಾದ್ರಿ ಇವತ್ತಿಗೂ ಅಲ್ಲೇ ನಿಂತಿದ್ದಾನೆ.

ನೆಡುವ ದಿನ ಮುದುಕ ಮಂಡಿಯೂರಿ ಪಕ್ಕದಲ್ಲೇ ಕೂತು ನೋಡಿದ. ಅವಳು ಬೇರಿಗಂಟಿದ ಕುಂಡದ ಮಣ್ಣನ್ನು ತೊಳೆದು, ದಾರದ ಎಳೆಗಳಂಥ ಬೇರನ್ನು ಕಲ್ಲಿನ ಬಿರುಕಿಗೆ ಉದ್ದಕ್ಕೆ ಇಳಿಬಿಟ್ಟು, ಗರಸು ಸುರಿದು, ಚಕ್ಕೆಕಲ್ಲು ತುರುಕಿ ಬಿಗಿ ಮಾಡುತ್ತಿದ್ದಳು. ಕೊನೆಗೆ ಗಿಡದ ಕೊರಳಿನ ಸುತ್ತ ಸಣ್ಣ ಜಲ್ಲಿ ಹರಡುತ್ತಿದ್ದಳು.

"ಈ ಬಡಪಾಯಿ ನಮ್ಮ ಚಳೀಲಿ ಉಳಿಯುತ್ತಾ?" ಎಂದ.

ಆ ಬೇಸಿಗೆಯಲ್ಲಿ ಅವಳು ಆಡಿದ ಅತಿ ಉದ್ದದ ಮಾತು ಆಗ ಹೊರಬಂತು. "ಚಳಿ ಇವಕ್ಕೆ ಏನೂ ಮಾಡಲ್ಲ ಹಾಲ್ಗ್ರಿಮ್. ಇವುಗಳ ಶತ್ರು ನೀರು. ಕೊರಳ ಹತ್ರ ನೀರು ನಿಂತ್ರೆ ಒಂದೇ ಚಳಿಗಾಲಕ್ಕೆ ಕೊಳೆತು ಹೋಗ್ತವೆ."

ಇದಕ್ಕೆ ಇನ್ನೂ ಅರ್ಧವಿತ್ತು. ಹಿಮ ಬೇರೆ, ಅದು ಇವಕ್ಕೆ ಹೊದಿಕೆ. ಬೆಟ್ಟದ ಮೇಲೆ ಇವು ಚಳಿಗಾಲವೆಲ್ಲ ಅದರಡಿಯಲ್ಲಿ ಮೈ ಒದ್ದೆಯಾಗದೆ ಮಲಗಿರುತ್ತವೆ. ಆ ಅರ್ಧ ತುಟಿಗೆ ಬರುವಷ್ಟರಲ್ಲಿ ಹಾಲ್ಗ್ರಿಮನ ಜೊತೆಗೇ ಇರುವ ಅವನ ತಂಗಿ ಬೊರ್ಗಿಲ್ಡ್ ಪಕ್ಕದ ಮನೆಯ ಬಾಗಿಲಿಗೆ ಬಂದು, "ಕಾಫಿ ಆರ್ತಾ ಇದೆ, ಕಲ್ಲನ್ನೇ ತಿಂತೀರಾ?" ಎಂದು ಕೂಗಿದಳು. ಉಳಿದ ಮಾತು ಒಳಗೇ ಉಳಿಯಿತು.

ಹಾಲ್ಗ್ರಿಮ್ ಆ ಅರ್ಧ ಮಾತನ್ನು ಜೋಪಾನವಾಗಿ ಇಟ್ಟುಕೊಂಡ. ಮಾತೇ ಆಡದ ಹುಡುಗಿ ಆಡಿದ ಮಾತಲ್ಲವೇ! ಅಕ್ಟೋಬರಿನ ಮಳೆಗೆ ಅವಳು ನಾಲ್ಕಾರು ಗಿಡಗಳ ಮೇಲೆ ಗಾಜಿನ ತುಂಡು ಓರೆಯಾಗಿಟ್ಟು ಮರೆ ಮಾಡಿದ್ದನ್ನೂ ನೋಡಿದ. ನವೆಂಬರಿನಲ್ಲಿ ಮೊದಲ ಹಿಮ ಬಿದ್ದ ಬೆಳಿಗ್ಗೆ ಅವಳು ಕಣ್ಣುಜ್ಜಿಕೊಂಡು ಕಿಟಕಿಗೆ ಬಂದರೆ, ಮುದುಕ ಯಂತ್ರ ಹಿಡಿದು ಅವಳ ಕಲ್ಲುತೋಟದ ಹಿಮವನ್ನು ರಸ್ತೆಯ ಆಚೆಗೆ ಕಾರಂಜಿಯ ಹಾಗೆ ಚಿಮ್ಮಿಸುತ್ತಿದ್ದ. ಕಲ್ಲಿನ ಸಂದಿಗಳನ್ನು ಪೊರಕೆಯಲ್ಲಿ ಗುಡಿಸಿಯೂ ಇದ್ದ.

ಅವಳು ಕೋಟು ಸಿಕ್ಕಿಸಿಕೊಂಡು ಓಡಿ ಬಂದಳು.

"ಹೆದರ್ಬೇಡ!" ಎಂದು ಹಾಲ್ಗ್ರಿಮ್ ಯಂತ್ರದ ಸದ್ದಿನ ಮೇಲೆ ಕೂಗಿದ. "ನಮ್ಮ ಹಿತ್ತಲಿನ ರುಬಾರ್ಬ್ ಗಿಡಕ್ಕಾದ್ರೆ ಹಿಮ ಬಿದ್ದಷ್ಟೂ ಒಳ್ಳೇದು. ನಿನ್ನವು ಬೇರೆ ಜಾತಿ, ನೀನೇ ಹೇಳಿದ್ದಲ್ಲ. ಹಿಮ ಅಂದ್ರೇನು, ಕೂತಿರೋ ನೀರು! ಒಂದು ಹನಿ ಬಿಟ್ಟಿಲ್ಲ ನೋಡು. ಹೆಂಗಿದೆ?"

ಮೂಗಿನ ತುದಿ ಕೆಂಪಾಗಿತ್ತು. ಹುಬ್ಬಿನ ಮೇಲೆ ಹಿಮ ಕೂತಿತ್ತು. ಮುಖ ಬಹುಮಾನ ಗೆದ್ದ ಮಗುವಿನ ಮುಖದ ಹಾಗಿತ್ತು. ಟೊರುನ್ ಬಾಯಿ ತೆರೆದಳು.

"ತುಂಬಾ ಉಪಕಾರ ಆಯ್ತು," ಎಂದಳು.

ಅಲ್ಲಿಗೆ ಮುಗಿಯಿತು. ಈ ಊರಿನಲ್ಲಿ ನೆರೆಯವರು ಮಾಡಿದ ಕೆಲಸಕ್ಕೆ ಏನಾದರೂ ತಿನ್ನಲು ಕೊಡದೆ ಇರುವುದು ಬಾಗಿಲು ಮುಚ್ಚಿದ್ದಕ್ಕೆ ಸಮ. ಅವಳು ದಪ್ಪ ದೋಸೆಯಂಥ ವಾಫಲ್ ಸುಟ್ಟಳು, ಮೇಲೆ ಕಂದು ಚೀಸ್ ಹೆರೆದು ಹಾಕಿದಳು. ಮುದುಕ ಆರು ತಿಂದ. ಅವಳು ಕೊಟ್ಟ ವಾಫಲ್ ನೋಡಿಯೇ, ಹುಡುಗಿಗೆ ಖುಷಿಯಾಗಿದೆ ಎಂದು ಅವನಿಗೆ ಖಾತ್ರಿಯಾಯಿತು. ಮುಂದಿನ ಹಿಮಕ್ಕೆ ಇನ್ನೂ ಬೇಗ ಬಂದ.

ಆಮೇಲಿನದನ್ನು ನೆನೆದರೆ ಅವಳಿಗೇ ನಗು ಬರುತ್ತಿತ್ತು. ಬುಧವಾರ ಸಂಜೆ ರೇಡಿಯೋದಲ್ಲಿ ಅಂಕಿ ಕೂಗಿ ಆಡಿಸುವ ಬಿಂಗೋ ಶುರುವಾದರೆ ಇಡೀ ಬೀದಿ ಅಡುಗೆಮನೆಯ ಮೇಜಿಗೆ ಅಂಟಿಕೊಂಡಿರುತ್ತದೆ. ಮನೆಗೆ ಬೆಂಕಿ ಬಿದ್ದರೂ ಯಾರೂ ಕಿಟಕಿಯಾಚೆ ನೋಡುವವರಿಲ್ಲ. ಆ ಹೊತ್ತಿನಲ್ಲಿ ಟೊರುನ್ ಹಿಮದ ಮೇಲೆ ಎಳೆಯುವ ಜಾರುಬಂಡಿಗೆ ಮೀನಿನ ಪೆಟ್ಟಿಗೆ ಕಟ್ಟಿಕೊಂಡು, ರಸ್ತೆಯಾಚೆಯ ಹಿಮವನ್ನು ತುಂಬಿ ತಂದು, ಸ್ವಂತ ತೋಟಕ್ಕೆ ಕಳ್ಳಿಯ ಹಾಗೆ ಸುರಿಯುತ್ತಿದ್ದಳು. ಮರುದಿನ ಹಾಲ್ಗ್ರಿಮ್ ಬೇಲಿಯ ಹತ್ತಿರ ನಿಂತು ಶಾಪ ಹಾಕುತ್ತಿದ್ದ. "ಸೈತಾನನ ಮಕ್ಕಳು! ಯಾರೋ ಬೇಕಂತಲೇ ನಿನ್ನ ಗಿಡದ ಮೇಲೆ ಹಿಮ ಸುರಿದು ಹೋಗಿದಾರೆ. ಕೈಗೆ ಸಿಗಲಿ, ಕಡಲಿಗೇ ಎಸೀತೀನಿ." ಮತ್ತೆ ಯಂತ್ರ ಬರುತ್ತಿತ್ತು, ಮತ್ತೆ ಪೊರಕೆ ಬರುತ್ತಿತ್ತು. ಮತ್ತೆ ವಾಫಲ್.

ಡಿಸೆಂಬರಿನಲ್ಲಿ ಕಡಲ ಗಾಳಿಗೆ ಹಿಮವೆಲ್ಲ ಕರಗಿ, ನೀರು ಗರಸಿನೊಳಗೆ ಇಂಗಿಹೋಯಿತು. ಚಳಿಯೂ ಮೆತ್ತಗಿತ್ತು. ಅವಳು ನೆಮ್ಮದಿಯಾಗಿದ್ದಳು. ಈಗ ಜನವರಿ, ಮೂಡಣ ಗಾಳಿ. ಈ ಸಲ ಪೆಟ್ಟಿಗೆಯಲ್ಲಿ ಹೊತ್ತು ತಂದ ಹಿಮದಿಂದ ನಡೆಯುವಂತಿರಲಿಲ್ಲ.

ನಾಳೆ ಹೇಳೇಬಿಡುತ್ತೇನೆ ಎಂದುಕೊಂಡಳು. ತಟ್ಟೆ ಒರೆಸುತ್ತ ಮಾತನ್ನು ಜೋಡಿಸಿ ನೋಡಿದಳು. "ಹಾಲ್ಗ್ರಿಮ್, ಬೇಜಾರು ಮಾಡ್ಕೋಬೇಡಿ..." ಅಲ್ಲಿಗೇ ಮಾತು ನಿಂತುಹೋಯಿತು. ಎರಡೂವರೆ ತಿಂಗಳು ಆತ ಮಾಡಿದ್ದೆಲ್ಲ ತಪ್ಪು ಎಂದು ಆ ಮುಖಕ್ಕೆ ಹೇಳುವುದು ಹೇಗೆ? ಅದಕ್ಕಿಂತ ಆ ಯಂತ್ರವೇ ಕೆಡಲಿ. ಒಂದು ಸಣ್ಣ ತಿರುಪು ಮುರಿದರೆ ಸಾಕು. ಯಾರಿಗೂ ನೋವಿಲ್ಲ.

ಬೆಳಿಗ್ಗೆ ಎದ್ದಾಗ ಕಿವಿಗೆ ಏನೂ ಬೀಳಲಿಲ್ಲ.

ಕಿಟಕಿ ತೆರೆದಳು. ಬೇಲಿಯ ಕಂಬಗಳಿಗೆಲ್ಲ ಬಿಳಿ ಟೊಪ್ಪಿಗೆ. ಕಲ್ಲುತೋಟ ಒಂದೇ ದುಂಡನೆಯ ಗುಡ್ಡೆಯಾಗಿತ್ತು, ಪಾದ್ರಿಯ ತಲೆ ಮಾತ್ರ ಹೊರಗಿತ್ತು. ಯಾರ ಹೆಜ್ಜೆಯೂ ಇಲ್ಲ. ಹಾಲ್ಗ್ರಿಮನ ಅಂಗಳದಲ್ಲಿ ಯಂತ್ರದ ಮೇಲೆ ಹೊದಿಸಿದ ಟಾರ್ಪಾಲು ಹಾಗೇ ಇತ್ತು.

ಮೈಮೇಲಿನಿಂದ ಮೂಟೆ ಇಳಿಸಿದ ಹಾಗಾಯಿತು. ಬೂಟು ಮೆಟ್ಟಿಕೊಂಡು ಹೊರಗೆ ಬಂದಳು. ಪಾದ್ರಿಯ ಬುಡದಲ್ಲಿ ತನ್ನ ಅತಿ ಹಳೆಯ ಗಿಡವಿರುವ ಜಾಗದಲ್ಲಿ ಹಿಮದೊಳಗೆ ಕೈ ತೂರಿಸಿದಳು. ಮೊಣಕೈವರೆಗೆ ಹೋಯಿತು. ಬೆರಳ ತುದಿಗೆ ಆ ದಿಂಬು ಸಿಕ್ಕಿತು. ಬಿಗಿಯಾಗಿತ್ತು, ಒದ್ದೆಯಾಗಿರಲಿಲ್ಲ, ಒತ್ತಿದರೆ ಮೆಲ್ಲಗೆ ಪುಟಿಯಿತು. ಬದುಕಿದೆ! ಅವಳು ಆ ಚಳಿಯಲ್ಲಿ ಕೈಯನ್ನು ಅಲ್ಲೇ ಇಟ್ಟುಕೊಂಡು ಒಬ್ಬಳೇ ನಕ್ಕಳು.

ಗಾಳಿ ಆಗಲೇ ದಿಕ್ಕು ಬದಲಿಸಿತ್ತು. ಇನ್ನು ಎಷ್ಟಾದರೂ ಬೀಸಲಿ.

ಮನೆಯೊಳಕ್ಕೆ ತಿರುಗಿದವಳು ಮೆಟ್ಟಿಲ ಮೇಲೆ ನಿಂತುಬಿಟ್ಟಳು. ಹಾಲ್ಗ್ರಿಮ್ ಯಾಕೆ ಬಂದಿಲ್ಲ?

ಈ ಬೀದಿಯಲ್ಲಿ ಮೊದಲು ಏಳುವವನು ಅವನು. ಹಿಮ ಬಿದ್ದ ದಿನ ಅವನ ಯಂತ್ರದ ಸದ್ದು ಕೇಳಿಯೇ ಉಳಿದವರು ಕಾಫಿಗೆ ನೀರಿಡುತ್ತಾರೆ. ಅವನ ಅಡುಗೆಮನೆಯ ದೀಪ ಉರಿಯುತ್ತಿತ್ತು, ಆದರೆ ಪರದೆ ಸರಿಸಿರಲಿಲ್ಲ. ಮೆಟ್ಟಿಲಿನ ಹಿಮ ಹಾಗೇ ಇತ್ತು. ಹಾಲ್ಗ್ರಿಮನ ಮನೆಯ ಮೆಟ್ಟಿಲಿನ ಮೇಲೆ ಹಿಮ!

ಯಂತ್ರಕ್ಕೆ ಏನಾದರೂ ಆಗಲಿ ಎಂದು ಬೇಡಿಕೊಂಡಿದ್ದೆ. ಕೇಳಿಸಿಕೊಂಡವರು ತಪ್ಪಾಗಿ ಕೇಳಿಸಿಕೊಂಡರೆ? ಓದಿದವಳು, ಇಂಥದನ್ನೆಲ್ಲ ನಂಬುವವಳಲ್ಲ. ಆದರೂ ಕಾಲು ಬೇಲಿಯತ್ತ ಓಡಿತು. ಮೊಣಕಾಲುದ್ದದ ಹಿಮದಲ್ಲಿ ಎರಡು ಸಲ ಬಿದ್ದೆದ್ದು ಬಾಗಿಲು ಬಡಿದಳು. ಯಾರೂ ಬರಲಿಲ್ಲ. ತಾನೇ ತಳ್ಳಿಕೊಂಡು ಒಳಗೆ ನುಗ್ಗಿದಳು. ಎಂದೂ ಹಾಗೆ ಮಾಡಿದವಳಲ್ಲ.

ಹಾಲ್ಗ್ರಿಮ್ ಅಡುಗೆಮನೆಯ ಉದ್ದನೆಯ ಬೆಂಚಿನ ಮೇಲೆ ಬೋರಲಾಗಿ ಮಲಗಿದ್ದ. ಬೊರ್ಗಿಲ್ಡ್ ಅವನ ಅಂಗಿ ಮೇಲೆತ್ತಿ ಸೊಂಟಕ್ಕೆ ಬಿಸಿನೀರಿನ ಚೀಲ ಒತ್ತುತ್ತಿದ್ದಳು. ಆತ ಹಲ್ಲು ಕಚ್ಚಿಕೊಂಡು ಬೈಯುತ್ತಿದ್ದ. ಆ ಬೈಗುಳ ಕೇಳಿ ಟೊರುನಳಿಗೆ ಹೋದ ಜೀವ ಬಂದಂತಾಯಿತು. ಬಾಗಿಲ ಚೌಕಟ್ಟಿಗೆ ಒರಗಿ ನಿಂತಳು. ಕಣ್ಣಲ್ಲಿ ನೀರು ತುಂಬಿತು.

"ಬಾಗಿಲು ಹಾಕೇ, ಚಳಿ ಒಳಗೆ ಬರುತ್ತೆ," ಎಂದಳು ಬೊರ್ಗಿಲ್ಡ್. ಆಮೇಲೆ ಅವಳ ಮುಖ ನೋಡಿ, "ಅಯ್ಯೋ, ಇದೇನು ಅಳ್ತಿದೀಯ? ಸತ್ತಿಲ್ಲ ಇವನು. ಸೊಂಟ ಹಿಡ್ಕೊಂಡಿದೆ ಅಷ್ಟೇ. ಬೂಟು ಹಾಕ್ಕೊಳ್ಳೋಕೆ ಬಗ್ಗಿದವನು ಮೇಲೇಳಲಿಲ್ಲ."

"ಹುಡುಗೀ," ಎಂದು ಹಾಲ್ಗ್ರಿಮ್ ದಿಂಬಿನಲ್ಲಿ ಮುಖ ಹುದುಗಿಸಿಕೊಂಡೇ ನರಳಿದ, "ತಪ್ಪು ತಿಳ್ಕೋಬೇಡ. ಇವತ್ತೊಂದು ದಿನ..."

"ಇವತ್ತೊಂದು ದಿನವಂತೆ!" ಎಂದು ಬೊರ್ಗಿಲ್ಡ್ ಚೀಲವನ್ನು ಇನ್ನಷ್ಟು ಒತ್ತಿದಳು. "ನವೆಂಬರಿನಿಂದ ಇದೇ ಕಥೆ ಟೊರುನ್. ನಿನ್ನಲ್ಲಿ ವಾಫಲ್ ತಿಂದು ನಗ್ತಾ ಬರ್ತಾನೆ. ಹೊಸ್ತಿಲು ದಾಟಿದ ಮೇಲೆ ಅಮ್ಮಾ ಅಂತ ಈ ಬೆಂಚಿನ ಮೇಲೆ ಬೀಳ್ತಾನೆ. ಬಿಡೋ ಅಂದ್ರೆ ಕೇಳಲ್ಲ. ಆ ಹುಡುಗಿಗೆ ಅವೇ ಮಕ್ಕಳಂತೆ, ಎಷ್ಟು ಖುಷಿಯಾಗಿ ಥ್ಯಾಂಕ್ಸ್ ಹೇಳ್ತಾಳೆ ಅಂತೆ, ಬಾಯಿ ತೆರೆದು ಮಾತಾಡೋದೇ ಆವಾಗಂತೆ."

ಆತ ಬೆನ್ನು ಮುರಿದುಕೊಂಡು ದುಡಿದಿದ್ದು ತನಗಾಗಿ. ತಾನು ಬಾಯಿ ಮುಚ್ಚಿಕೊಂಡಿದ್ದದ್ದು ಆತನಿಗಾಗಿ. ಇಬ್ಬರ ನಡುವೆ ಗಿಡಗಳಿಗೆ ಪ್ರಾಣಸಂಕಟ. ಟೊರುನಳಿಗೆ ಅಳುವಿನ ನಡುವೆ ನಗು ಉಕ್ಕತೊಡಗಿತು.

ಇನ್ನೇನೂ ಹೇಳುವುದೇ ಬೇಡವಲ್ಲ ಎಂದು ಮರುಕ್ಷಣ ಹೊಳೆಯಿತು. ಸೊಂಟ ಹಿಡಿದವನು ಈ ಚಳಿಗಾಲದಲ್ಲಿ ಯಂತ್ರ ಮುಟ್ಟುವುದಿಲ್ಲ. ಹಿಮ ಇದ್ದಲ್ಲೇ ಇರುತ್ತದೆ. ವಸಂತ ಬಂದ ಮೇಲೆ ಎಲ್ಲ ತಾನಾಗಿ ಮರೆತುಹೋಗುತ್ತದೆ. ಆ ಬಿಡುಗಡೆ ಎಷ್ಟು ಸಲೀಸಾಗಿ ಸಿಕ್ಕಿತೆಂದರೆ ಅವಳು ಎಂದಿನ ಮಾತನ್ನೇ ಆಡಿಬಿಟ್ಟಳು. "ಪರವಾಗಿಲ್ಲ ಹಾಲ್ಗ್ರಿಮ್. ನೀವು ರೆಸ್ಟ್ ತಗೊಳ್ಳಿ. ಪರವಾಗಿಲ್ಲ."

"ಪರವಾಗಿಲ್ಲ ಅಂದ್ರೆ ಏನು!" ಮುದುಕ ತಲೆಯೆತ್ತಲು ಹೋಗಿ ಮತ್ತೆ ನರಳಿದ. "ಮೂರು ವರ್ಷ ಸಾಕಿದ್ದು ನೀರಲ್ಲಿ ಕೊಳೆಯೋಕೆ ಬಿಟ್ಟು ನಾನು ಇಲ್ಲಿ ಮಲಗಿರ್ಲಾ? ನೀನು ಸಂಕೋಚಕ್ಕೆ ಹಂಗಂತೀಯ, ನಂಗೊತ್ತಿಲ್ವಾ? ಯೂಸ್ಟೈನ್‌ಗೆ ಫೋನ್ ಮಾಡಿದೀನಿ. ಟ್ರ್ಯಾಕ್ಟರ್ ತರ್ತಾನೆ. ಮುಂದೆ ದೊಡ್ಡ ಸಲಿಕೆ ಕಟ್ಕೊಂಡು ಬರ್ತಿದಾನೆ. ನೆಲ ಕಾಣೋ ಹಂಗೆ ಕೆರೆದು ಹಾಕು ಅಂದಿದೀನಿ."

ಯೂಸ್ಟೈನ್ ಅಂದರೆ ಹಾಲ್ಗ್ರಿಮನ ಅಣ್ಣನ ಮಗ. ಬಂದರಿನ ರಸ್ತೆಯ ಹಿಮ ತೆಗೆಯುವವನು. ಅವನ ಟ್ರ್ಯಾಕ್ಟರಿನ ಸಲಿಕೆಗೆ ದಿಂಬಿನ ಗಿಡವೂ ಒಂದೇ, ಪಾದ್ರಿಯೂ ಒಂದೇ.

"ಬೇಡ ಅಂತ ಹೇಳ್ತಾಳೇನೋ ಕೇಳು ಅಂದೆ ನಾನು," ಎಂದಳು ಬೊರ್ಗಿಲ್ಡ್. "ಇವಳೆಲ್ಲಿ ಹೇಳ್ತಾಳೆ! ದಾಕ್ಷಿಣ್ಯಕ್ಕೆ ಬಸುರಾಗೋ ಜಾತಿ." ಹಾಗೆನ್ನುತ್ತಲೇ ಟೊರುನಳ ಮುಖವನ್ನು ನೆಟ್ಟ ನೋಟದಲ್ಲಿ ನೋಡಿದಳು. "ಅಂದ ಹಾಗೆ, ನಾನು ಬಿಂಗೋ ಆಡಲ್ಲ ಕಣೇ. ನನ್ನ ರೂಮಿನ ಕಿಟಕಿ ರಸ್ತೆ ಕಡೆಗಿದೆ."

ಟೊರುನಳ ಕೆನ್ನೆ ಉರಿದುಹೋಯಿತು. ಮೀನಿನ ಪೆಟ್ಟಿಗೆ, ಜಾರುಬಂಡಿ, ಎಲ್ಲವನ್ನೂ ಈ ಹೆಂಗಸು ನೋಡಿದ್ದಾಳೆ. ನೋಡಿಯೂ ಅಣ್ಣನಿಗೆ ಹೇಳಿಲ್ಲ. ಈಗಲೂ ಹೇಳುವ ಹಾಗೆ ಕಾಣಲಿಲ್ಲ. ಬಿಸಿನೀರಿನ ಚೀಲ ಹಿಡಿದು ಸುಮ್ಮನೆ ಕಾಯುತ್ತಿದ್ದಳು.

"ಏನು ಕಿಟಕಿ? ಏನು ಬಿಂಗೋ?" ಎಂದು ಬೆಂಚಿನ ಮೇಲಿಂದ ಹಾಲ್ಗ್ರಿಮ್ ಗೊಣಗಿದ.

ಹೊರಗೆ, ಚರ್ಚಿನ ತಿರುವಿನ ಕಡೆಯಿಂದ ಟ್ರ್ಯಾಕ್ಟರಿನ ಸದ್ದು ಕೇಳಿಸಿತು. ಹತ್ತಿರ ಬಂತು. ಅದರ ಹಳದಿ ದೀಪ ಗೋಡೆಯ ಮೇಲೆ ಸುತ್ತಿತು, ಒಲೆಯ ಮೇಲೆ ಸುತ್ತಿತು, ಮುದುಕನ ಬರಿಬೆನ್ನಿನ ಮೇಲೆ ಸುತ್ತಿತು. ಸಲಿಕೆ ನೆಲಕ್ಕೆ ಇಳಿದ ಸದ್ದಾಯಿತು.

ಟೊರುನ್ ಬಾಗಿಲು ತೆರೆದು ಮೆಟ್ಟಿಲಿಗೆ ಬಂದು, "ಬೇಡ!" ಎಂದು ಕೂಗಿದಳು. "ಯೂಸ್ಟೈನ್, ನಿಲ್ಲಿಸಿ! ಬೇಡ!"

ಇಷ್ಟು ದೊಡ್ಡ ದನಿ ತನ್ನೊಳಗಿದೆ ಎಂದು ಅವಳಿಗೇ ಗೊತ್ತಿರಲಿಲ್ಲ. ಟ್ರ್ಯಾಕ್ಟರು ಅವಳ ತೋಟದ ಬೇಲಿಯ ಬಾಯಲ್ಲೇ ನಿಂತಿತು. ಒಳಗೆ ಹಾಲ್ಗ್ರಿಮ್ ಬೈಯುವುದನ್ನೂ ನರಳುವುದನ್ನೂ ಒಟ್ಟಿಗೆ ನಿಲ್ಲಿಸಿದ್ದ.

ಅವಳು ತಿರುಗಿ ಬಂದು, ಆತನ ಮುಖ ಕಾಣುವ ಹಾಗೆ ಬೆಂಚಿನ ಪಕ್ಕ ನೆಲದ ಮೇಲೆ ಕೂತಳು. ಆಗಸ್ಟಿನಲ್ಲಿ ಗಿಡ ನೆಡುವಾಗ ಆತ ಕೂತಿದ್ದಂತೆಯೇ ಮಂಡಿಯೂರಿ ಕೂತಳು.

"ಹಾಲ್ಗ್ರಿಮ್, ಅವತ್ತು ನಾನು ಅರ್ಧ ಮಾತ್ರ ಹೇಳಿದ್ದೆ. ನೀರು ಅವನ್ನ ಸಾಯಿಸುತ್ತೆ, ಅದು ನಿಜ. ಆದ್ರೆ ಹಿಮ ಅವಕ್ಕೆ ಕಂಬಳಿ. ನಿಮ್ಮ ರುಬಾರ್ಬಿಗೆ ಹೆಂಗೋ ಹಂಗೇ. ನಂಗೆ ಆ ಹಿಮ ಬೇಕು, ಎಲ್ಲಾನೂ ಬೇಕು, ಮೇ ತಿಂಗಳವರೆಗೂ ಬೇಕು. ಇನ್ಮೇಲೆ ಯಂತ್ರ ಬಿಟ್ಟು, ಬರೀ ವಾಫಲ್ ತಿನ್ನೋಕೆ ಬನ್ನಿ."